ಸೀಸದ ಧೂಳೂ ಕೊರಳಿನ ಗ್ರಂಥಿಯೂ

ಥೈರಾಯ್ಡ್ ಎಂಬುದು ಹೆಂಗಸರ ಕಾಯಿಲೆಯೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಅದು ಪೂರಾ ಸುಳ್ಳಲ್ಲ. ಈ ಗ್ರಂಥಿಯ ದೋಷವು ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಾಲು ಹೆಚ್ಚಾಗಿ ಕಂಡುಬರುವುದು ನಿಜ. ಆದರೆ ಈ ನಂಬಿಕೆಯಿಂದ ಒಂದು ಕೇಡೂ ಉಂಟಾಗಿದೆ. ಅತ್ತೆಗೋ ಸೊಸೆಗೋ ಮೈ ಭಾರವಾಗಿ ಆಯಾಸವಾದರೆ ರಕ್ತಪರೀಕ್ಷೆ ಮಾಡಿಸುವ ಮನೆಯವರು, ಅದೇ ಆಯಾಸವು ಯಜಮಾನನಿಗೆ ಬಂದಾಗ 'ವಯಸ್ಸಾಯಿತು' ಎಂದೋ, ಮನಸ್ಸಿನೊಳಗೆ 'ಸೋಮಾರಿತನ' ಎಂದೋ ಎಣಿಸಿ ಸುಮ್ಮನಾಗುವರು. ಅವನೂ ಸುಮ್ಮನಾಗುವನು. ಅವನು ದುಡಿಯುವ ಸ್ಥಳದಲ್ಲಿ ಸೀಸದ ಧೂಳಿದ್ದರೆ ಹೀಗೆ ಸುಮ್ಮನಿರುವುದು ತರವಲ್ಲವೆಂಬುದೇ ನಾವು ಈ ಲೇಖನದಲ್ಲಿ ವಾಚಕರ ಮುಂದಿಡಬೇಕೆಂದಿರುವ ಸಂಗತಿ.

ಬೆಂಗಳೂರಿನ ಬಿನ್ನಿಪೇಟೆಯನ್ನೇ ತೆಗೆದುಕೊಳ್ಳೋಣ. ದುಡಿಮೆಯಿಂದಲೇ ಹೆಸರು ಪಡೆದ ಪೇಟೆ ಅದು. 1884ರಲ್ಲಿ ಸ್ಥಾಪಿತವಾದ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿಯು 1886ರಲ್ಲಿ ಬಿನ್ನಿ ಕಂಪೆನಿಯ ಕೈಸೇರಿ, ಅದರ ಹೆಸರೇ ಸುತ್ತಲ ನೆಲಕ್ಕೂ ನಿಂತಿತು. ಈಗ ಆ ಗಿರಣಿಯಿಲ್ಲ. ಅದರ ಜಾಗದಲ್ಲಿ ಅಂತಸ್ತಿನ ಮೇಲೆ ಅಂತಸ್ತಿನ ಮನೆಗಳೂ, ಮಾಲ್ ಎಂಬ ದೊಡ್ಡ ಅಂಗಡಿ ಮಹಲೂ ಎದ್ದಿವೆ. ಆದರೆ ದುಡಿಮೆಯೇನೂ ಊರು ಬಿಟ್ಟು ಹೋಗಿಲ್ಲ. ಪಕ್ಕದಲ್ಲಿ ಮೈಸೂರು ರಸ್ತೆ. ಸ್ವಲ್ಪ ಆಚೆಗೆ ಕಲಾಸಿಪಾಳ್ಯ, ಜೆ. ಸಿ. ರಸ್ತೆಗಳ ಕಡೆ ವಾಹನಗಳ ಬಿಡಿಭಾಗಗಳ ಅಂಗಡಿಗಳು, ಗ್ಯಾರೇಜುಗಳು. ನಾಲ್ಕಾರು ಜನ ಕೂಡಿ ದುಡಿಯುವ ಇಂತಹ ಸಣ್ಣ ತಾಣಗಳಲ್ಲಿಯೇ ಸೀಸದ ಸಂಪರ್ಕ ಹೆಚ್ಚು. ಕಾರಿನ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಅದನ್ನು ಒಡೆದು ಕರಗಿಸುವವನಿಗೆ ಹೊಗೆ, ಬೆಸುಗೆ ಹಾಕುವವನಿಗೆ ಆವಿ, ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವವನಿಗೆ ಧೂಳು. ಸೀಸದ ವಿಷಬಾಧೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ 1948ರ ಕಾರ್ಖಾನೆಗಳ ಕಾಯಿದೆಯೇ ಸೇರಿಸಿತ್ತು. ಆದರೆ ಆ ಕಾಯಿದೆಯ ಪ್ರಕಾರ ವಿದ್ಯುತ್ತಿನಿಂದ ನಡೆಯುವಲ್ಲಿ 10 ಮಂದಿಯಾದರೂ ದುಡಿಯುತ್ತಿದ್ದರೆ ಮಾತ್ರ ಅದು ಕಾರ್ಖಾನೆಯೆನಿಸುತ್ತಿತ್ತು! ಗಿರಣಿಯ ಕೂಲಿಗಾರನಿಗೆ ಸಿಕ್ಕಿದ ಆಸರೆಯು ನಾಲ್ಕು ಆಳಿನ ಗ್ಯಾರೇಜಿನವನಿಗೆ ಸಿಕ್ಕಲಿಲ್ಲ.

ಪೆಟ್ರೋಲಿನ ಸೀಸದ ಕಥೆಯನ್ನೂ ಇಲ್ಲಿ ನೆನೆಯಬೇಕು. ಎಂಜಿನ್ನು ಸದ್ದಿಲ್ಲದೆ ಓಡಲೆಂದು ಪೆಟ್ರೋಲಿಗೆ ಸೀಸ ಬೆರೆಸುವ ಪದ್ಧತಿಯು 1920ರ ದಶಕದಲ್ಲಿ ಹುಟ್ಟಿ, ಜಗತ್ತಿನ ಗಾಳಿಯನ್ನೆಲ್ಲ ಕೆಡಿಸಿತು. ಬೆಂಗಳೂರಿನಲ್ಲಿ 1999ರಲ್ಲಿ ಈ ವಿಷದ ತಡೆಗಾಗಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ನಮ್ಮ ನಗರಗಳ ಮಕ್ಕಳ ರಕ್ತದಲ್ಲಿ ಸೀಸವು ಎಷ್ಟು ಏರಿದೆಯೆಂಬುದು ಆಗ ಬಹಿರಂಗವಾಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಕೆಲಸಕ್ಕೆ ತಮ್ಮನ್ನೇ ಒಪ್ಪಿಸಿಕೊಂಡವರು. 2000ದ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ 2021ರಲ್ಲಿ ಆಲ್ಜೀರಿಯವೂ ನಿಲ್ಲಿಸಿತು. ಆ ದಿನಗಳಲ್ಲಿ ಎಲ್ಲರ ಕಣ್ಣೂ ಮಕ್ಕಳ ಮೇಲಿತ್ತು. ಅದು ಸರಿಯೇ. ಆದರೆ ಬಂಕಿನಲ್ಲಿ ನಿಂತು ಪೆಟ್ರೋಲ್ ಹಾಕುತ್ತಿದ್ದ ಗಂಡಸಿನ ಕೊರಳನ್ನು ನೋಡಿದವರು ಬಹಳ ಮಂದಿಯಿಲ್ಲ.

ಆ ಕೊರಳಿನಲ್ಲಿರುವುದೇನೆಂದು ಈಗ ನೋಡೋಣ. ಥೈರಾಯ್ಡ್ ಎಂಬುದು ಗ್ರೀಕರ ಮಾತಿನಲ್ಲಿ ಗುರಾಣಿಯಂಥದು ಎಂದರ್ಥ. ಈ ಪುಟ್ಟ ಗ್ರಂಥಿಯು ಟಿ-4, ಟಿ-3 ಎಂಬ ಎರಡು ರಸಗಳನ್ನು ರಕ್ತಕ್ಕೆ ಬಿಡುವುದು. ದೇಹದ ಒಲೆಯು ಎಷ್ಟು ಉರಿಯಬೇಕೆಂಬುದು ಇವುಗಳಿಂದಲೇ ನಿರ್ಣಯವಾಗುತ್ತದೆ. ಉರಿ ಕುಗ್ಗಿತೆಂದು ತೋರಿದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಊದುಗೊಳವೆ ಹಿಡಿದು ಕೂರುವುದು. ಆ ಊದುವಿಕೆಯ ಹೆಸರೇ ಟಿ.ಎಸ್.ಎಚ್. ಒಲೆ ಚೆನ್ನಾಗಿ ಉರಿಯುತ್ತಿದೆಯೆಂದು ಹೊರಗಿನವರಿಗೆ ಕಂಡರೂ, ಹಿಂದಿಗಿಂತ ಜೋರಾಗಿ ಊದಬೇಕಾಗಿ ಬಂದಿದ್ದರೆ, ಸೌದೆಯಲ್ಲಿ ಏನೋ ಹಸಿಯಿದೆಯೆಂದು ಅನುಭವವುಳ್ಳ ಗೃಹಿಣಿಯು ತಿಳಿಯುವಳಲ್ಲವೆ? ಟಿ.ಎಸ್.ಎಚ್. ಏರಿದೆಯೆಂದರೆ ವೈದ್ಯರು ತಿಳಿಯುವುದೂ ಬಹುಮಟ್ಟಿಗೆ ಅಷ್ಟೇ.

ನಮ್ಮ ದೇಶದ ವೈದ್ಯರು 2000ದಲ್ಲಿ ಪ್ರಕಟಿಸಿದ ಪರಿಶೋಧನೆಯೊಂದರಲ್ಲಿ ಕಂಡದ್ದು ಇದನ್ನೇ. ಪೆಟ್ರೋಲ್ ಬಂಕಿನ ಕೆಲಸಗಾರರೂ ವಾಹನಗಳ ಮೆಕ್ಯಾನಿಕ್ಕುಗಳೂ ಆದ 58 ಗಂಡಸರನ್ನು ಅವರು ಪರೀಕ್ಷಿಸಿದರು. ಇವರ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ ಸರಾಸರಿ 52 ಮೈಕ್ರೋಗ್ರಾಂನಷ್ಟು ಸೀಸವಿತ್ತು. ಹೋಲಿಕೆಗಾಗಿ ಆರಿಸಿಕೊಂಡಿದ್ದ ಇತರರಲ್ಲಿ ಇದ್ದುದರ ಸುಮಾರು 5 ಪಾಲು. ಒಟ್ಟು ಸರಾಸರಿಯಲ್ಲಿ ಟಿ-3, ಟಿ-4 ಗಳು ವ್ಯತ್ಯಾಸವಾಗಿರಲಿಲ್ಲ. ಟಿ.ಎಸ್.ಎಚ್. ಮಾತ್ರ ಏರಿತ್ತು. ಸೀಸ ಹೆಚ್ಚಿದವರಲ್ಲಿ ಏರಿಕೆಯೂ ಹೆಚ್ಚು. ಅಲ್ಲದೆ, ಹದಿನೇಳು ವರ್ಷಗಳಷ್ಟು ಕಾಲ ಈ ಕೆಲಸದಲ್ಲಿ ಸವೆದವರ ಟಿ-3 ಯು, ಎರಡು ಮೂರು ವರ್ಷಗಳಿಂದಷ್ಟೇ ದುಡಿಯುತ್ತಿದ್ದವರಿಗಿಂತ ಕಡಿಮೆಯಾಗಿತ್ತು. ಒಳಗಿನ ಊದುವಿಕೆ ಜೋರಾಗಿದೆ, ಹೊರಗೆ ಉರಿ ಇನ್ನೂ ಆರಿಲ್ಲ: ಅಪಾಯವನ್ನು ತಡೆಯಬಹುದಾದ ಕಾಲವೆಂದರೆ ಇದೇ.

ಹಾಗೆಂದು ಥೈರಾಯ್ಡ್ ದೋಷವೆಲ್ಲ ಸೀಸದಿಂದಲೇ ಎಂದು ನಾವು ಹೇಳುವುದಿಲ್ಲ. ಎಲ್ಲ ಪರಿಶೋಧನೆಗಳ ಫಲವೂ ಒಂದೇ ತೆರನಾಗಿಲ್ಲ; ಸೀಸದ ಪ್ರಮಾಣ ಅಲ್ಪವಾಗಿದ್ದಲ್ಲಿ ಸಂಬಂಧವೂ ಮಸುಕು. ಬೇರೆ ಮಾಲಿನ್ಯಗಳೂ ಉಂಟು. ಹಿಂದೆ ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಬಳಸುತ್ತಿದ್ದ ಪಿ.ಸಿ.ಬಿ. ಎಂಬ ರಾಸಾಯನಿಕಗಳಲ್ಲಿ ಕೆಲವು ಹೆಚ್ಚಾಗಿದ್ದಷ್ಟೂ ಟಿ-3 ಕಡಿಮೆಯಾಗಿತ್ತೆಂದು, ಅಮೆರಿಕದಲ್ಲಿ 300ಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿದ ವಿಜ್ಞಾನಿಗಳು 2007ರಲ್ಲಿ ವರದಿಮಾಡಿದರು. ಎರಡೂ ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ತೀರ್ಮಾನಿಸಲಾಗದು. ಆದರೂ ಸೀಸವು ಮೂತ್ರಪಿಂಡ, ನರ, ರಕ್ತದೊತ್ತಡಗಳನ್ನು ಕೆಡಿಸುವುದು ನಿಸ್ಸಂದೇಹವಾದುದರಿಂದ, ಥೈರಾಯ್ಡಿನ ವಾದ ತೀರುವವರೆಗೂ ಕಾಯಬೇಕಾದ ಅಗತ್ಯವಿಲ್ಲ.

ಗೃಹಿಣಿಯರು ಗಮನಿಸತಕ್ಕ ಗುರುತುಗಳು ಇವು: ಹಿಂದೆ ತಡೆಯುತ್ತಿದ್ದ ಚಳಿ ಈಗ ತಡೆಯದಿರುವುದು, ಊಟ ಹೆಚ್ಚದೆ ತೂಕ ಹೆಚ್ಚುವುದು, ಮಲಬದ್ಧತೆ, ಒರಟಾದ ದನಿ, ಒಣಗಿದ ಚರ್ಮ, ಯಾವುದರಲ್ಲಿಯೂ ಮನಸ್ಸಿಲ್ಲದಿರುವುದು. ದಾಂಪತ್ಯದಲ್ಲಿ ನಿರಾಸಕ್ತಿಯೂ ಇದರಿಂದ ಉಂಟಾಗಬಹುದು. ಗಂಡಸು ಬಾಯಿಬಿಟ್ಟು ಹೇಳದ ಮಾತು ಇದು. ಟಿ.ಎಸ್.ಎಚ್. ಸ್ವಲ್ಪ ಏರಿದೆಯೆಂದ ಕೂಡಲೆ ನೆರೆಮನೆಯವರ ಮಾತ್ರೆಯನ್ನು ನುಂಗಿಸುವುದೂ ತಪ್ಪು. ಕೆಲವು ವಾರಗಳ ಮೇಲೆ ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ನಿರ್ಧರಿಸುವರು.

ಮನೆಯಲ್ಲಿ ಮಾಡಬಹುದಾದುದು ಬಹಳವುಂಟು. ಗ್ಯಾರೇಜಿನ ಬಟ್ಟೆಯಲ್ಲಿ ಮನೆಯೊಳಕ್ಕೆ ಬರಬಾರದು. ಬಾಗಿಲಲ್ಲೇ ಬಿಚ್ಚಿ, ಮಕ್ಕಳ ಬಟ್ಟೆಯೊಡನೆ ಸೇರಿಸದೆ ಒಗೆಯತಕ್ಕದ್ದು. ಕೆಲಸದ ಮೇಜಿನ ಮೇಲೆ ಬುತ್ತಿ ಬಿಚ್ಚಬಾರದು. ಸಾಬೂನಿನಿಂದ ಕೈತೊಳೆಯದೆ ಬೀಡಿ ಹಚ್ಚಿದರೆ ಬೆರಳಿನ ಸೀಸವು ನೇರವಾಗಿ ಬಾಯಿಗೇ ಹೋಗುವುದು. ಧೂಳಿನ ನೆಲವನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಬರಿಯ ಹೊಟ್ಟೆಯಲ್ಲಿ, ಕಬ್ಬಿಣ ಸುಣ್ಣಗಳ ಕೊರತೆಯಿದ್ದಾಗ, ದೇಹವು ಸೀಸವನ್ನು ಹೆಚ್ಚಾಗಿ ಹೀರುವುದು. ಆದುದರಿಂದ ಬೆಳಗ್ಗೆ ರಾಗಿಗಂಜಿಯನ್ನಾದರೂ ಕುಡಿಸದೆ ಕೆಲಸಕ್ಕೆ ಕಳುಹಿಸಬೇಡಿರಿ. ಉಪ್ಪು ಅಯೋಡಿನ್ ಬೆರೆತದ್ದೇ ಇರಲಿ. ಆ ಗ್ರಂಥಿಗೆ ಸೌದೆ ಅದೇ.

ಹಳೆಯ ಕೆಲಸಗಾರರಿಗೆ ಇನ್ನೊಂದು ಮಾತು. ರಕ್ತದಲ್ಲಿನ ಸೀಸವು ಒಂದೆರಡು ತಿಂಗಳಲ್ಲಿ ಬಹುಪಾಲು ಇಳಿಯುವುದಾದರೂ ಮೂಳೆಗಿಳಿದದ್ದು ದಶಕಗಳ ಕಾಲ ಅಲ್ಲಿಯೇ ಇರುವುದು. 2000ಕ್ಕೆ ಮೊದಲು ಬಂಕಿನಲ್ಲಿ ದುಡಿದವರ ಮೂಳೆಗಳಲ್ಲಿ ಆ ಪೆಟ್ರೋಲಿನ ಶೇಷ ಇಂದಿಗೂ ಇರಬಹುದು. ವೈದ್ಯರ ಮುಂದೆ ಕುಳಿತಾಗ ಕಾಯಿಲೆಯ ಜೊತೆಗೆ, ತಾನು ಏನು ಕೆಲಸವನ್ನು ಎಷ್ಟು ವರ್ಷ ಮಾಡಿದೆನೆಂಬುದನ್ನೂ ಹೇಳಬೇಕು. ರಕ್ತದ ಸೀಸವನ್ನು ಅಳೆಸಬೇಕೆ ಎಂದು ಕೇಳಬೇಕು. 100 ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಇದ್ದರೂ ಅದರ ಮೂಲವನ್ನು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿದೆ.