ಚೀಲದ ಮೇಲೆ ಉಳಿದ ಪೇಟೆ

ಹೋದ ವರ್ಷ ಮಹಾಕೂಟಕ್ಕೆ ಹೋಗಿದ್ದೆವು. ಪುಷ್ಕರಣಿಯಲ್ಲಿ ಮಿಂದು, ಮಹಾಕೂಟೇಶ್ವರನಿಗೆ ಕೈಮುಗಿದು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ರೊಟ್ಟಿಯನ್ನಲ್ಲ, ರೊಟ್ಟಿ ತಂದ ಚೀಲವನ್ನೇ ನೋಡುತ್ತಿದ್ದರು.

"ಈ ಚೀಲ ಯಾರದವ್ವಾ?"

"ನಮ್ಮ ಅತ್ತಿಯವರದ್ರೀ."

"ಆ ಅಂಗಡ್ಯಾಗ ನನ್ನ ಮದವಿ ಸೀರಿ ತಂದಿದ್ರು. ಈಗ ಅಲ್ಲಿ ನೀರು ನಿಂತೈತಿ" ಎನ್ನುತ್ತಾ ಅವರು ಅಕ್ಷರಗಳ ಮೇಲೆ ಬೆರಳಾಡಿಸಿದರು. ಅಂಗಡಿಯ ಹೆಸರು ಅರ್ಧ ಅಳಿಸಿತ್ತು. ಕೆಳಗೆ 'ಬಾಗಲಕೋಟ, ಜಿ. ಬಿಜಾಪುರ' ಎಂಬುದು ಮಾತ್ರ ಸ್ಪಷ್ಟವಾಗಿತ್ತು.

ನಿಮಗೆ ಗೊತ್ತೇ ಇದೆ, ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಎಷ್ಟೋ ಭಾಗ ಆಲಮಟ್ಟಿ ಹಿನ್ನೀರಿನ ಪಾಲಾಯಿತು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಅದು. ಹೊಲಗಳಿಗೆ ನೀರು ಬಂತು, ನಿಜ. ಆದರೆ ಮನೆ, ಅಂಗಡಿ ಬಿಟ್ಟವರು ನವನಗರದ ಸೆಕ್ಟರುಗಳಿಗೆ ಹೋದರು. 'ಕಿಲ್ಲಾದಾಗ', 'ಹೊಸಪ್ಯಾಟ್ಯಾಗ' ಎಂದು ವಿಳಾಸ ಹೇಳುತ್ತಿದ್ದವರು ನಂಬರು ಹೇಳುವುದನ್ನು ಕಲಿತರು. ಅಂಗಡಿಯ ಹಲಗೆಗಳನ್ನು ಯಾರು ಕಾಪಾಡಬೇಕು?

ನಾವೇ ಕಾಪಾಡಿದ್ದೇವೆ, ನಮಗೇ ಅರಿವಿಲ್ಲದೆ! ನಿಮ್ಮ ಟ್ರಂಕು ತೆಗೆದು ನೋಡಿ. ಬಟ್ಟೆ ಚೀಲ, ತಗಡಿನ ಡಬ್ಬಿ, ಹಳೆಯ ರಸೀದಿ, ಬೋಗುಣಿಯ ಮೇಲೆ ಕೊರೆದ ಹೆಸರು ಎಲ್ಲವೂ ಸಣ್ಣ ಬೋರ್ಡುಗಳೇ. ಅವುಗಳ ಕಾಲವನ್ನೂ ಅಂದಾಜು ಮಾಡಬಹುದು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, 'ಜಿ. ಬಿಜಾಪುರ' ಎಂದಿದ್ದರೆ ಅದು ಬಹುಮಟ್ಟಿಗೆ ಅದಕ್ಕೂ ಹಿಂದಿನದು. ರಸೀದಿಯಲ್ಲಿ ಆಣೆಯ ಲೆಕ್ಕವಿದ್ದರೆ 1957ರಲ್ಲಿ ಹೊಸ ಪೈಸೆ ಬರುವುದಕ್ಕೂ ಮುಂಚಿನದಿರಬೇಕು.

ವ್ಯಾಪಾರಿಗಳ ಹೆಸರು ಉಳಿಯುವುದು ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಯೇ ಇರುವ ಐಹೊಳೆ ಒಂದು ಕಾಲಕ್ಕೆ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘಕ್ಕೆ ಹೆಸರು ಕೊಟ್ಟ ಊರು. ಐನೂರ್ವರ ಹೆಸರು ದೂರದ ಸುಮಾತ್ರಾ ದ್ವೀಪದಲ್ಲಿ 1088ರ ತಮಿಳು ಶಾಸನದಲ್ಲೂ ಸಿಕ್ಕಿದೆ. ಅವರ ಅಂಗಡಿಗಳಿಲ್ಲ, ಹೆಸರಿದೆ. ಅವರದು ಕಲ್ಲಿನ ಮೇಲಿತ್ತು. ನಮ್ಮದು ಬಟ್ಟೆಯ ಮೇಲಿದೆ, ಬೇಗ ಅಳಿಸುತ್ತದೆ.

ಆದ್ದರಿಂದ ಇಷ್ಟು ಮಾಡಿ. ಇಂಥ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಹೆಸರು ಕೊರೆದ ಹಿತ್ತಾಳೆ ಪಾತ್ರೆಗೆ ಮರಳು ಬೇಡ, ಹುಣಸೆಹಣ್ಣು ಸಾಕು. ಎಲ್ಲಕ್ಕಿಂತ ಮೊದಲು ಅತ್ತೆಯ ಹತ್ತಿರ ಕುಳಿತು, 'ಈ ಅಂಗಡಿ ಎಲ್ಲಿತ್ತು, ಪಕ್ಕದಲ್ಲಿ ಯಾರಿದ್ದರು?' ಎಂದು ಕೇಳಿ ಬರೆದಿಡಿ.

ನಾನು ಕೇಳಲಿಲ್ಲ. ನಮ್ಮ ಅತ್ತೆ ಈಗಿಲ್ಲ. ಮಹಾಕೂಟದ ಆ ಅಜ್ಜಿ ಹೇಳಿದ್ದಷ್ಟೇ ನನಗೆ ಗೊತ್ತು. ಅಂದಿನಿಂದ ಆ ಚೀಲದಲ್ಲಿ ರೊಟ್ಟಿ ಕಟ್ಟುವುದನ್ನು ಬಿಟ್ಟಿದ್ದೇನೆ.