ವಸ್ತುವಿನಿಂದ ಮೂಲಪಾಠಕ್ಕೆ: ಜಾವಾಸ್ಕ್ರಿಪ್ಟಿನ ಒಂದು ಸಮಸ್ಯೆ

ಹಸ್ತಪ್ರತಿಗಳಿಂದ ಕವಿಪಾಠಕ್ಕೆ ಹಿಂದಿರುಗುವ ಯತ್ನ ಗ್ರಂಥಸಂಪಾದಕರಿಗೆ ಪರಿಚಿತವಾದುದೇ. ಜಾಲಪುಟಗಳ ಜಾವಾಸ್ಕ್ರಿಪ್ಟಿನಲ್ಲಿಯೂ ಅಂತಹುದೇ ಪ್ರಶ್ನೆಯೊಂದಿದೆ: ಗಣಕದ ಸ್ಮೃತಿಯಲ್ಲಿರುವ ವಸ್ತುವನ್ನು, ಅಂದರೆ ಹೆಸರು ಮತ್ತು ಮೌಲ್ಯಗಳ ಕಟ್ಟನ್ನು, ಮತ್ತೆ ಬರಹಕ್ಕೆ ತರುವುದು ಹೇಗೆ?

ಗ್ರಂಥಾಲಯಗಳ ಸೂಚಿಯೊಂದನ್ನು ಸಿದ್ಧಪಡಿಸುವಾಗ ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿರುವ ಶ್ರೀ ಕೃಷ್ಣದೇವರಾಯ ಆಂಧ್ರ ಭಾಷಾ ನಿಲಯದ ಹೆಸರನ್ನೂ ಸ್ಥಾಪನೆಯ ವರ್ಷವಾದ 1901ನ್ನೂ ಒಂದು ವಸ್ತುವಿನಲ್ಲಿಟ್ಟೆವೆನ್ನೋಣ. ಮೊಜಿಲ್ಲಾದ ‘ಟುಸೋರ್ಸ್’ ವಿಧಾನವು ಅದನ್ನು ಮೂಲಸಂಕೇತವಾಗಿ ಹಿಂದಿರುಗಿಸುತ್ತಿತ್ತು. ಆದರೆ ಅದು ಭಾಷೆಯ ಪ್ರಮಾಣಿತ ಅಂಗವಾಗಿರಲಿಲ್ಲ. 2020ರಲ್ಲಿ ಫೈರ್‌ಫಾಕ್ಸ್ 74ನೆಯ ಆವೃತ್ತಿಯಿಂದ ಜಾಲಪುಟಗಳಿಗೆ ಅದು ದೊರೆಯದಾಯಿತು.

ಇಂದು ‘ಜೇಸನ್’ ರೂಪವೇ ರೂಢಿ. ಇದರಲ್ಲಿ ಹೆಸರೂ ಅಂಕಿಯೂ ಉಳಿಯುತ್ತವೆ. ದಿನಾಂಕವು ಬರಿಯ ಅಕ್ಷರಮಾಲೆಯಾಗುತ್ತದೆ. ವಸ್ತುವಿನೊಳಗಿನ ಕಾರ್ಯವಿಧಿಗಳು ಲುಪ್ತವಾಗುತ್ತವೆ. ‘ಮ್ಯಾಪ್’ ಎಂಬ ಕೋಷ್ಠಕದಲ್ಲಿಟ್ಟ ಪಾಠಾಂತರಗಳಂತೂ ಯಾವ ಎಚ್ಚರಿಕೆಯೂ ಇಲ್ಲದೆ ಬರಿದಾದ ಆವರಣಚಿಹ್ನೆಗಳಾಗಿ ಉಳಿಯುತ್ತವೆ. ನಾವು ಬರೆದ ಕಾರ್ಯವಿಧಿಯ ಪಠ್ಯವನ್ನು ‘ಟುಸ್ಟ್ರಿಂಗ್’ ವಿಧಾನವು 2019ರ ಪ್ರಮಾಣಕದಂತೆ ಟಿಪ್ಪಣಿಸಹಿತ ಯಥಾವತ್ತಾಗಿ ನೀಡುತ್ತದೆ. ಆದರೆ ಆ ವಿಧಿ ಹೊರಗಿನಿಂದ ಪಡೆದ ಮೌಲ್ಯಗಳು ಅದರಲ್ಲಿರವು.

ಹೀಗೆ ದೊರೆಯುವುದು ಪ್ರತಿಯೇ ಹೊರತು ಮೂಲವಲ್ಲ. ಹಸ್ತಪ್ರತಿಗಳ ಗಣಕೀಕರಣದಲ್ಲಿ ತೊಡಗಿರುವ ಹೊರನಾಡ ಸಂಶೋಧಕರು ಮೂಲ ಕಡತವನ್ನು ಪ್ರತ್ಯೇಕವಾಗಿ ರಕ್ಷಿಸಿ, ಉಳಿಸಿದ ಪ್ರತಿಯನ್ನು ಮರಳಿ ತೆರೆದು ಮೂಲದೊಡನೆ ತಾಳೆನೋಡಬೇಕೆಂಬುದು ನಮ್ಮ ಸೂಚನೆ.