ಹೊಸ ಡಿಶ್‌ವಾಷರ್: ಕಲಾಯಿ ಪಾತ್ರೆ ಹೊರಗಿರಲಿ

ಹಳೆಯ ಡಿಶ್‌ವಾಷರ್ ಕೆಟ್ಟು ಹೊಸದು ತಂದಿದ್ದೀರಾ? ಮೊದಲು ನಿಮ್ಮ ನೀರಿನ ಗಡಸುತನಕ್ಕೆ ತಕ್ಕಂತೆ ಅದನ್ನು ಹೊಂದಿಸಿ. ಗಡಸಾದ ಬೋರ್‌ವೆಲ್ ನೀರಿಗೆ ಡಿಶ್‌ವಾಷರ್ ಉಪ್ಪು ಬೇಕು, ಇಲ್ಲದಿದ್ದರೆ ಲೋಟಗಳ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅಡುಗೆ ಉಪ್ಪು ಹಾಕಬೇಡಿ.

ಬಿರಿಯಾನಿಯ ಅನ್ನ, ಮೂಳೆ ಬಳಿದು ತೆಗೆದೇ ತಟ್ಟೆ ಇಡಿ. ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಅಲ್ಲಿ ಕೊಳೆಯುವ ಜಿಡ್ಡಿನಿಂದಲೇ ದುರ್ವಾಸನೆ.

ಕಲಾಯಿ ಹಾಕಿದ ತಾಮ್ರದ ಪಾತ್ರೆಗಳನ್ನು ಮಾತ್ರ ಕೈಯಲ್ಲೇ ತೊಳೆಯಿರಿ. ಬಿಸಿನೀರು, ತೀಕ್ಷ್ಣ ಕ್ಷಾರದಿಂದ ಕಲಾಯಿ ಸವೆಯುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆ, ಟೊಮೆಟೊ, ಮೊಸರು ಹಾಕಿ ಬೇಯಿಸಿದರೆ ತಾಮ್ರ ಆಹಾರಕ್ಕಿಳಿದು ವಾಂತಿ, ಹೊಟ್ಟೆನೋವು ಬರಬಹುದು.

ಡಿಶ್‌ವಾಷರ್ ಸೋಪಿನ ಬಿಲ್ಲೆಗಳು ಮಕ್ಕಳಿಗೆ ಮಿಠಾಯಿಯಂತೆ ಕಾಣುತ್ತವೆ. ಬಾಯಿ, ಗಂಟಲು ಸುಡುತ್ತವೆ. ಬೀಗ ಹಾಕಿಡಿ. ಮಗು ನುಂಗಿದರೆ ವಾಂತಿ ಮಾಡಿಸಬೇಡಿ. ಬಾಯಿ ತೊಳೆಸಿ, ನಮ್ಮ ದವಾಖಾನೆಗಲ್ಲ, ನೇರವಾಗಿ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.